ಪ್ರಿಮ್‌ರೋಸ್ ಎಣ್ಣೆ: ಮುಚ್ಚಳ ತೆರೆದ ದಿನದಿಂದ ತಳ ಕಾಣುವವರೆಗೆ

ಕೊನೆಯ ಪುಟ್ಟ ಬಾಟಲಿ ಮೊನ್ನೆ ಮುಗಿಯಿತು. ಡಿಸೆಂಬರ್ ಕೊನೆಯಿಂದ ಏಪ್ರಿಲ್ ಆರಂಭದವರೆಗೆ ಹದಿನಾಲ್ಕು ವಾರ. ಹಿಂದಕ್ಕೆ ಕಳಿಸಿದ ಒಂದು ಬಾಟಲಿ, ಬಳಸಿದ ಒಂದು ಬಾಟಲಿ, ಒಡೆದುಹೋದ ಒಂದು ಕ್ರೀಮು, ಒಡೆಯದೆ ನಿಂತ ಇನ್ನೊಂದು. ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ ಹಚ್ಚುವವರೆಲ್ಲ ದಿನಾ ಕನ್ನಡಿಯಲ್ಲಿ ಚರ್ಮ ನೋಡಿಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚು ನೋಡಬೇಕಾದದ್ದು ಬಾಟಲಿಯ ಕುತ್ತಿಗೆಯನ್ನು. ಈ ಎಣ್ಣೆ ಚರ್ಮಕ್ಕೆ ಒಗ್ಗುವುದು ನಿಧಾನ, ಕೆಡುವುದು ಬೇಗ. ಪರದಾಟವೆಲ್ಲ ಈ ಎರಡರ ನಡುವಿನದು.

ಮೊದಲು ಹೆಸರಿನ ಗೊಂದಲ ಬಗೆಹರಿಸಿಬಿಡೋಣ. ಸಸ್ಯದ ಹೆಸರು ಈನೊಥೆರಾ ಬಿಯೆನ್ನಿಸ್. ಉತ್ತರ ಅಮೆರಿಕದ್ದು, ಎರಡು ವರ್ಷ ಬಾಳುವ ಗಿಡ. ಮೊದಲ ವರ್ಷ ನೆಲಕ್ಕಂಟಿದ ಎಲೆಗಳ ಚಕ್ರ, ಎರಡನೇ ವರ್ಷ ಉದ್ದ ಕಾಂಡ, ಸಂಜೆ ಬಿರಿಯುವ ಹಳದಿ ಹೂ. ನಮ್ಮ ಹಿತ್ತಿಲಿನ ಸಂಜೆ ಮಲ್ಲಿಗೆಗೂ ಇದಕ್ಕೂ ಯಾವ ನಂಟೂ ಇಲ್ಲ, ಇಂಗ್ಲಿಷಿನ ಅಸಲಿ ಪ್ರಿಮ್‌ರೋಸ್‌ಗೂ ಇಲ್ಲ. ಎಣ್ಣೆ ಬರುವುದು ಹೂವಿನಿಂದಲ್ಲ, ಸಾಸಿವೆಗಿಂತಲೂ ಸಣ್ಣ ಬೀಜದಿಂದ. ಹಾಗಾಗಿ 'ಪ್ರಿಮ್‌ರೋಸ್ ಎಸೆನ್ಶಿಯಲ್ ಆಯಿಲ್' ಎಂದು ಮಾರುವ ಅಂಗಡಿಯನ್ನು ಅಲ್ಲಿಗೇ ಬಿಡಬಹುದು. ಈ ಗಿಡದಿಂದ ಭಟ್ಟಿ ಇಳಿಸಿದ ಸುಗಂಧ ತೈಲವೆಂಬ ಸರಕು ಮಾರುಕಟ್ಟೆಯಲ್ಲಿಲ್ಲ. ಇದು ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆಯಂಥದೇ ಬೀಜದೆಣ್ಣೆ. 'ಎಸೆನ್ಶಿಯಲ್ ಫ್ಯಾಟಿ ಆಸಿಡ್', ಅಂದರೆ ದೇಹಕ್ಕೆ ಬೇಕೇ ಬೇಕಾದ ಕೊಬ್ಬಿನಾಮ್ಲ, ಇದೆ ಎಂಬ ಮಾತನ್ನು ಯಾರೋ ತಪ್ಪಾಗಿ ಓದಿಕೊಂಡಿದ್ದಾರೆ. ಲೇಬಲ್ ಬರೆದವರಿಗೇ ಇದು ಗೊತ್ತಿಲ್ಲವೆಂದರೆ ಒಳಗೇನಿದೆ ಎಂಬುದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಮೊದಲ ಬಾಟಲಿ 30 ಮಿ.ಲೀ., 540 ರೂಪಾಯಿ. ಪಾರದರ್ಶಕ ಗಾಜು, ಬ್ಯಾಚ್ ಸಂಖ್ಯೆ ಇಲ್ಲ. ಮುಚ್ಚಳ ತಿರುಗಿಸುವಾಗಲೇ ಸಣ್ಣಗೆ 'ಚರ್' ಎಂದಿತು. ತೆರೆದು ನೋಡಿದರೆ ಕುತ್ತಿಗೆಯ ಗೆರೆಗಳಲ್ಲಿ ಹಳದಿ ಅಂಟು, ಬೆರಳಿಗೆ ಹತ್ತಿದರೆ ಹಲಸಿನ ಮೇಣದ ಹಾಗೆ ಎಳೆ ಬರುತ್ತದೆ. ಹೊಸ ಎಣ್ಣೆ ಅಂಟುವುದಿಲ್ಲ. ತೆಳು ಪದರವಾಗಿ ಗಾಳಿಗೆ ಒಡ್ಡಿಕೊಂಡು ಒಣಗಿ ಗಟ್ಟಿಯಾದ ಎಣ್ಣೆ ಮಾತ್ರ ಹೀಗಾಗುತ್ತದೆ. ಯಾರೋ ದೊಡ್ಡ ಕ್ಯಾನಿನಿಂದ ಇದಕ್ಕೆ ಸುರಿದು ಬಹಳ ದಿನವಾಗಿದೆ ಎಂದರ್ಥ. ವಾಸನೆ ಖಚಿತಪಡಿಸಿಕೊಳ್ಳಲು ಒಂದು ಹನಿಯನ್ನು ಸ್ಟೀಲ್ ತಟ್ಟೆಯ ಮೇಲೆ ಸವರಿ ಎರಡು ನಿಮಿಷ ಬಿಟ್ಟು ಮೂಸಬೇಕು. ಬಾಟಲಿಯ ಬಾಯಿಗೆ ಮೂಗಿಟ್ಟರೆ ಸರಿಯಾಗಿ ಗೊತ್ತಾಗುವುದಿಲ್ಲ. ತಾಜಾ ಎಣ್ಣೆಗೆ ಹಸಿ ಬೀಜದ, ಸ್ವಲ್ಪ ಮಣ್ಣಿನ ಮೆಲುವಾಸನೆ. ಕೆಟ್ಟದ್ದಕ್ಕೆ ಹೊಸದಾಗಿ ಬಣ್ಣ ಬಳಿದ ಬಾಗಿಲಿನ ವಾಸನೆ, ಇಲ್ಲವೇ ತಿಂಗಳುಗಟ್ಟಲೆ ತೊಳೆಯದ ಚಕ್ಕುಲಿ ಡಬ್ಬಿಯ ಕಮಟು. ನನ್ನದು ಬಾಗಿಲಿನ ಕಡೆಯದು.

'ಸಹಜ ಎಣ್ಣೆಯ ವಾಸನೆಯೇ ಹಾಗೆ' ಎಂದು ಮಾರಿದವರು ಬರೆದರು. ದುಡ್ಡು ವಾಪಸ್ ಬರಲು ಹನ್ನೊಂದು ದಿನ ಹಿಡಿಯಿತು, ಅಂಚೆ ಖರ್ಚು ನನ್ನದೇ. ಪಾರ್ಸೆಲ್ ಬಂದ ದಿನವೇ ತೆರೆದು, ಕುತ್ತಿಗೆಯ ಅಂಟಿನ ಫೋಟೋ ತೆಗೆದಿಟ್ಟುಕೊಂಡಿದ್ದರಿಂದ ಅಷ್ಟಾದರೂ ಆಯಿತು. ವಾಸನೆಯನ್ನು ಯಾರಿಗೂ ಸಾಬೀತು ಮಾಡಲಾಗುವುದಿಲ್ಲ, ಅಂಟನ್ನು ಮಾಡಬಹುದು.

ಎರಡನೇ ಸಲ ದುಡ್ಡು ಕೊಡುವ ಮುಂಚೆ ಕಾಗದ ಕೇಳಿದೆ. ಪ್ರತಿ ಬ್ಯಾಚಿಗೂ ಒಂದು ವಿಶ್ಲೇಷಣಾ ಪತ್ರ ಇರುತ್ತದೆ, ಸಿ.ಒ.ಎ. ಅನ್ನುತ್ತಾರೆ. ಅದಕ್ಕಾಗಿ ಕಾದದ್ದು ಆರು ದಿನ. ನೋಡಬೇಕಾದ ಸಾಲುಗಳು ನಾಲ್ಕೇ. ಒಂದು, ಈ ಎಣ್ಣೆಯ ಮುಖ್ಯ ಕೊಬ್ಬಿನಾಮ್ಲವಾದ ಲಿನೋಲಿಯಿಕ್ ಆಮ್ಲ, ಸಾಮಾನ್ಯವಾಗಿ ಶೇ. 65ರಿಂದ 80. ಎರಡು, ಗಾಮಾ ಲಿನೋಲೆನಿಕ್ ಆಮ್ಲ, ಅಂದರೆ ಜಿ.ಎಲ್.ಎ., ಶೇ. 8ರಿಂದ 12ರ ಒಳಗೆ. ಇದು 20ರ ಮೇಲಿದ್ದರೆ ಬಾಟಲಿಯಲ್ಲಿರುವುದು ಬೋರೇಜ್ ಎಂಬ ಬೇರೆ ಗಿಡದ ಬೀಜದೆಣ್ಣೆ, ಶೇ. 2–3 ಇದ್ದರೆ ಸೂರ್ಯಕಾಂತಿಯನ್ನೋ ಸೋಯಾವನ್ನೋ ಬೆರೆಸಿದ್ದಾರೆ. ಮೂರನೆಯದು ಪೆರಾಕ್ಸೈಡ್ ಮೌಲ್ಯ, ಎಣ್ಣೆ ಗಾಳಿಗೆ ಎಷ್ಟು ಕೆಡತೊಡಗಿದೆ ಎಂದು ತೋರಿಸುವ ಅಂಕಿ: 5ರ ಕೆಳಗಿದ್ದರೆ ಒಳ್ಳೆಯದು, 10 ದಾಟಿದ್ದರೆ ಬೇಡ. ನಾಲ್ಕನೆಯದು ಪರೀಕ್ಷೆಯ ತಾರೀಕು. ಇದನ್ನು ಬಹಳ ಜನ ನೋಡುವುದೇ ಇಲ್ಲ. ಹದಿನೆಂಟು ತಿಂಗಳ ಹಿಂದೆ ಪೆರಾಕ್ಸೈಡ್ 2 ಇತ್ತು ಎಂಬುದರಿಂದ ಇವತ್ತಿನ ಬಗ್ಗೆ ಏನೂ ತಿಳಿಯುವುದಿಲ್ಲ. ತೀರಾ ಹಳೆಯ ಎಣ್ಣೆಯಲ್ಲಿ ಪೆರಾಕ್ಸೈಡುಗಳೇ ಒಡೆದು ಕಮಟು ವಾಸನೆಯ ಆಲ್ಡಿಹೈಡುಗಳಾಗಿರುತ್ತವೆ, ಆಗ ಈ ಅಂಕಿ ಮತ್ತೆ ಕೆಳಗಿಳಿದು ಮೋಸ ಮಾಡುತ್ತದೆ. ಕಾಗದ ಚೆನ್ನಾಗಿದ್ದು ಮೂಗು ಬೇಡವೆಂದರೆ ಮೂಗನ್ನೇ ನಂಬಬೇಕು.

ಬಂದದ್ದು 50 ಮಿ.ಲೀ., ಕಂದು ಗಾಜು, 890 ರೂಪಾಯಿ. ಇಲ್ಲೊಂದು ಲೆಕ್ಕ ಮಾಡಿ. ಮುಖಕ್ಕೆ ರಾತ್ರಿ ಮೂರು ಹನಿ ಬೇಕು, ಸುಮಾರು 0.1 ಗ್ರಾಂ. 10 ಮಿ.ಲೀ. ಎಣ್ಣೆ 9.2 ಗ್ರಾಂ ತೂಗುತ್ತದೆ, ಅಂದರೆ ಮೂರು ತಿಂಗಳಿಗೆ ಬಂತು. ಮುಚ್ಚಳ ತೆರೆದ ಎಣ್ಣೆ ಚೆನ್ನಾಗಿರುವುದೂ ಹೆಚ್ಚುಕಡಿಮೆ ಅಷ್ಟೇ ದಿನ. ಮುಖಕ್ಕೆ ಮಾತ್ರ ಹಚ್ಚುವವರು 30 ಮಿ.ಲೀ. ಕೊಂಡರೆ ಮೂರನೇ ಎರಡು ಪಾಲು ಕಮಟು ಹಿಡಿದ ಮೇಲೆ ಹಚ್ಚಿಕೊಳ್ಳುತ್ತಾರೆ. 'ಮೊದಲು ಚೆನ್ನಾಗಿತ್ತು, ಆಮೇಲೆ ಮುಖ ಕೆಂಪಾಗತೊಡಗಿತು' ಎನ್ನುವವರನ್ನು ಮೊದಲು ಕೇಳಬೇಕಾದದ್ದು ಬಾಟಲಿ ಎಷ್ಟು ದೊಡ್ಡದು ಎಂದು.

ಕೆಡುವುದು ಏಕೆಂದರೆ, ಲಿನೋಲಿಯಿಕ್ ಆಮ್ಲದ ಸರಪಳಿಯಲ್ಲಿ ಎರಡು ದ್ವಿಬಂಧಗಳಿವೆ, ಜಿ.ಎಲ್.ಎ.ಯಲ್ಲಿ ಮೂರು. ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡ ಇಂಗಾಲದಿಂದ ಜಲಜನಕವನ್ನು ಕಿತ್ತುಕೊಳ್ಳುವುದು ಆಮ್ಲಜನಕಕ್ಕೆ ಸುಲಭ. ಒಂದು ಕಡೆ ಶುರುವಾದರೆ ಪಕ್ಕದ್ದಕ್ಕೂ ಹಬ್ಬುತ್ತದೆ. ಶಾಖ ಹತ್ತು ಡಿಗ್ರಿ ಏರಿದರೆ ವೇಗ ಸರಿಸುಮಾರು ಇಮ್ಮಡಿ. ತಾಮ್ರ, ಕಬ್ಬಿಣದ ಅಂಶ ಸೋಕಿದರೆ ಇನ್ನೂ ಜೋರು. ಹಾಗಾಗಿ ಎಣ್ಣೆಗೆ ಸಂಬಂಧಪಟ್ಟ ಯಾವ ಕೆಲಸಕ್ಕೂ ತಾಮ್ರದ ಚೊಂಬು, ತುಕ್ಕು ಚಮಚ ಬೇಡ. ಗಾಜು, ಒಳ್ಳೆಯ ಸ್ಟೀಲ್ ಸಾಕು.

ಬಂದ ದಿನವೇ ಮಾಡಿದ ಕೆಲಸ, ಎಣ್ಣೆಗೆ ವಿಟಮಿನ್ ಇ ಸೇರಿಸಿ 10 ಮಿ.ಲೀ.ನ ಐದು ಕಂದು ಬಾಟಲಿಗಳಿಗೆ ಕುತ್ತಿಗೆವರೆಗೂ ತುಂಬಿದ್ದು. ಗಾಳಿಗೆ ಜಾಗ ಇರಬಾರದು. ಸೇರಿಸಿದ ಪ್ರಮಾಣ ಶೇ. 0.3, ಅಂದರೆ 46 ಗ್ರಾಂ ಎಣ್ಣೆಗೆ 0.14 ಗ್ರಾಂ. ಇದಕ್ಕೆ ಎರಡು ದಶಾಂಶ ತೋರಿಸುವ ಆಭರಣದ ತಕ್ಕಡಿ ಬೇಕೇ ಬೇಕು, ಅಡುಗೆಮನೆಯದು ನಡೆಯುವುದಿಲ್ಲ. ಇಲ್ಲೊಂದು ದೊಡ್ಡ ಹಳ್ಳ ಇದೆ. ಮೆಡಿಕಲ್ ಶಾಪಿನ ಹಸಿರು ಕ್ಯಾಪ್ಸೂಲನ್ನು ಚುಚ್ಚಿ ಹಿಂಡುವುದು ಎಲ್ಲರೂ ಹೇಳುವ ಉಪಾಯ. ಅದರಲ್ಲಿರುವುದು ಟೋಕೋಫೆರಿಲ್ ಅಸಿಟೇಟ್. ಅಣುವಿನ ಯಾವ ತುದಿ ಆಮ್ಲಜನಕದ ಕೆಲಸವನ್ನು ತಡೆಯಬೇಕೋ ಅದೇ ತುದಿಗೆ ಅಸಿಟೇಟಿನ ಬೀಗ ಬಿದ್ದಿರುತ್ತದೆ. ಹೊಟ್ಟೆಗೆ ಹೋದರೆ ಬೀಗ ಬಿಚ್ಚಿಕೊಳ್ಳುತ್ತದೆ, ಬಾಟಲಿಯೊಳಗೆ ಬಿಚ್ಚುವವರು ಯಾರು? ಎಣ್ಣೆಯ ರಕ್ಷಣೆಗೆ ಬೇಕಾದದ್ದು ಬೀಗವಿಲ್ಲದ ವಿಟಮಿನ್ ಇ, ಅಂದರೆ 'ಮಿಕ್ಸ್‌ಡ್ ಟೋಕೋಫೆರಾಲ್', ಕಂದುಗೆಂಪು, ಜೇನಿಗಿಂತ ಮಂದ. ಇನ್ನಷ್ಟು ಇರಲಿ ಎಂದು ಶೇ. 2–3 ಸುರಿಯಬೇಡಿ. ಅತಿಯಾದರೆ ಅದೇ ಎಣ್ಣೆ ಕೆಡಿಸುವ ಪಕ್ಷ ಸೇರಿಕೊಳ್ಳುತ್ತದೆ.

ನಾಲ್ಕು ಬಾಟಲಿ ಫ್ರಿಜ್ಜಿಗೆ, ಒಂದು ಬಳಕೆಗೆ. ಫ್ರಿಜ್ಜಿನಿಂದ ತೆಗೆದದ್ದನ್ನು ತಕ್ಷಣ ತೆರೆಯಬಾರದು, ಒಳಗಿನ ತಣ್ಣನೆ ಗಾಜಿಗೆ ಹೊರಗಿನ ತೇವ ಹನಿಗಟ್ಟಿ ಎಣ್ಣೆಗಿಳಿಯುತ್ತದೆ. ಅರ್ಧ ಗಂಟೆ ಹೊರಗಿಟ್ಟು, ಮೇಲಿನ ಬೆವರು ಒರೆಸಿ ಆಮೇಲೆ ತೆರೆಯಿರಿ. ಬಾಟಲಿಗೆ ತೆರೆದ ತಾರೀಕು ಬರೆದ ಟೇಪು ಅಂಟಿಸಿ. ರಬ್ಬರ್ ಡ್ರಾಪರನ್ನು ಕಾಯಂ ಬಿಡಬೇಡಿ, ಹಿಂಡಿದಾಗಲೆಲ್ಲ ಒಳಕ್ಕೆ ಹೊಸ ಗಾಳಿ ತುಂಬುತ್ತದೆ. ಹನಿ ಬೀಳುವ ಪ್ಲಾಸ್ಟಿಕ್ ಬಿರಡೆ ಇದ್ದರೆ ಸಾಕು.

ಮೊದಲ ವಾರ ಇಡೀ ಪರೀಕ್ಷೆಗೆ ಹೋಯಿತು. ಒಂದು ಹನಿ ಹಚ್ಚಿ ಮರುದಿನ ನೋಡಿ 'ಏನೂ ಆಗಲಿಲ್ಲ' ಎನ್ನುವುದು ಪರೀಕ್ಷೆಯಲ್ಲ. ಅಲರ್ಜಿಯ ತುರಿಕಜ್ಜಿ ಏಳಲು ಎರಡು ಮೂರು ದಿನ, ಒಮ್ಮೊಮ್ಮೆ ವಾರ ಹಿಡಿಯುತ್ತದೆ. ಮೊಣಕೈ ಮಡಿಕೆಯ ಹತ್ತಿರ, ಎರಡು ರೂಪಾಯಿ ನಾಣ್ಯದ ಎರಡರಷ್ಟು ಜಾಗಕ್ಕೆ, ದಿನಕ್ಕೆರಡು ಸಲ, ಏಳು ದಿನ. ಅದೇ ಜಾಗ ಆಗಬೇಕು, ಬಾಲ್‌ಪೆನ್ನಿನಿಂದ ನಾಲ್ಕು ಚುಕ್ಕಿ ಇಟ್ಟುಕೊಳ್ಳಿ. ವಿಟಮಿನ್ ಇ ಸೇರಿಸಿದ ಎಣ್ಣೆಯಿಂದಲೇ ಪರೀಕ್ಷೆ ಮಾಡಬೇಕು, ಕೆಲವರಿಗೆ ಒಗ್ಗದಿರುವುದು ಅದೇ. ಕೆಂಪು, ಗುಳ್ಳೆ, ತುರಿಕೆ ಯಾವುದು ಬಂದರೂ ಅಲ್ಲಿಗೆ ಮುಗಿಯಿತು. ಸೀಳಿ ನೀರೊಸರುವ ಎಕ್ಸಿಮಾದ ಮೇಲೆ ಪರೀಕ್ಷೆಗೂ ಹಚ್ಚಬಾರದು.

ಎರಡರಿಂದ ನಾಲ್ಕನೇ ವಾರದವರೆಗೆ ಎಣ್ಣೆಯನ್ನು ಹಾಗೇ ಹಚ್ಚಿದೆ: ಮುಖಕ್ಕೆ ಮೂರು ಹನಿ, ಕಾಲಿಗೆ ಸ್ವಲ್ಪ ಹೆಚ್ಚು. ಒಣ ಚರ್ಮಕ್ಕೆ ಹಚ್ಚಿದರೆ ಮೇಲೆ ಮಿರುಗುತ್ತದೆ, ಒಳಗೆ ಬಿಗಿತ ಹಾಗೇ ಇರುತ್ತದೆ. ಎಣ್ಣೆ ನೀರು ಕೊಡುವುದಿಲ್ಲ, ಇದ್ದ ನೀರನ್ನು ಹಿಡಿದಿಡುತ್ತದೆ ಅಷ್ಟೆ. ಸ್ನಾನ ಮುಗಿಸಿ ಟವೆಲಿನಿಂದ ಒತ್ತಿಕೊಂಡು, ಇನ್ನೂ ತೇವ ಇರುವಾಗಲೇ ಹಚ್ಚಬೇಕು. ರಾತ್ರಿ ಮಾತ್ರ. ಇಷ್ಟು ಬೇಗ ಕೆಡುವ ಎಣ್ಣೆಯನ್ನು ತೆಳು ಪದರವಾಗಿ ಸವರಿಕೊಂಡು ಬಿಸಿಲಿಗೆ ಹೋಗುವುದೆಂದರೆ ಮುಖದ ಮೇಲೆಯೇ ಕೆಡಲು ಬಿಟ್ಟ ಹಾಗೆ. ಸಾಲದ್ದಕ್ಕೆ ಸನ್‌ಸ್ಕ್ರೀನ್ ಅದರ ಮೇಲೆ ನಿಲ್ಲದೆ ಉಂಡೆ ಉಂಡೆಯಾಗಿ ಏಳುತ್ತದೆ. ದಿಂಬಿನ ಗೌಸಿಗೆ ಹತ್ತಿದ ಎಣ್ಣೆ ವಾರದೊಳಗೆ ಕಮಟು ಬರುತ್ತದೆ. ಬಾಟಲಿ ಚೆನ್ನಾಗಿದ್ದೂ ಮುಖ ನಾರುತ್ತಿದೆ ಅನ್ನಿಸಿದರೆ ಗೌಸು ಮೂಸಿ ನೋಡಿ. ಬಿಸಿನೀರು, ವಾಷಿಂಗ್ ಸೋಡಾ ಹಾಕಿದರೆ ಹೋಗುತ್ತದೆ, ತಣ್ಣೀರು ಸೋಪಿಗೆ ಹೋಗದು.

ಮೂರು ವಾರಕ್ಕೆ ಸಿಕ್ಕಿದ್ದು ಮೃದುತ್ವ. ಅದು ಯಾವ ಎಣ್ಣೆಗೂ ಸಿಗುತ್ತದೆ. ಮೊಣಕಾಲ ಕೆಳಗಿನ ಮೀನಿನ ಪೊರೆಯಂಥ ಬಿರುಕು ಮಧ್ಯಾಹ್ನದ ಹೊತ್ತಿಗೆ ವಾಪಸ್ ಬರುತ್ತಿತ್ತು. ಹಾಗಾಗಿ ಕ್ರೀಮಿನ ಕಡೆ ಹೋಗಬೇಕಾಯಿತು.

ಇದರ ಹಿಂದಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಚರ್ಮದ ಹೊರಪದರದ ಇಟ್ಟಿಗೆಗಳಂಥ ಜೀವಕೋಶಗಳ ನಡುವಿನ ಗಾರೆ ಸೆರಮೈಡು ಎಂಬ ಕೊಬ್ಬು. ಅದರ ಒಂದು ಮುಖ್ಯ ಬಗೆ ಲಿನೋಲಿಯಿಕ್ ಆಮ್ಲವನ್ನು ಹಿಡಿದುಕೊಂಡೇ ಕಟ್ಟಿಕೊಳ್ಳುತ್ತದೆ. ಅದು ಕಡಿಮೆಯಾದರೆ ನೀರು ಸೋರುತ್ತದೆ. ಲಿನೋಲಿಯಿಕ್‌ನಿಂದ ಜಿ.ಎಲ್.ಎ. ಮಾಡಿಕೊಳ್ಳುವ ಕಿಣ್ವ ಮಾತ್ರ ಹೊರಚರ್ಮದಲ್ಲಿ ಇಲ್ಲ, ಅದು ಒಳಗಿನಿಂದ ರಕ್ತದಲ್ಲಿ ಬರಬೇಕು ಅಥವಾ ಹೊರಗಿನಿಂದ ಹಚ್ಚಬೇಕು. ಪ್ರಿಮ್‌ರೋಸ್ ಎಣ್ಣೆಯ ಹೆಸರೆಲ್ಲ ನಿಂತಿರುವುದು ಈ ಜಿ.ಎಲ್.ಎ. ಮೇಲೆ. ಆದರೆ ಹಚ್ಚುವ ರೂಪ ಮುಖ್ಯ. ಜರ್ಮನಿಯಲ್ಲಿ ಗೇರಿಂಗ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಣ್ಣೆಯೊಳಗೆ ನೀರಿನ ಹನಿಗಳಿರುವ ಕ್ರೀಮಿನಲ್ಲಿ ಹಾಕಿದಾಗ ಅಟೋಪಿಕ್ ಚರ್ಮದ, ಅಂದರೆ ಹುಟ್ಟುಗುಣದಿಂದ ಎಕ್ಸಿಮಾ ಏಳುವ ಚರ್ಮದ, ತಡೆಗೋಡೆ ಸುಧಾರಿಸಿತು. ಇನ್ನೊಂದು ಬಗೆಯ ಹಗುರ ಕ್ರೀಮಿನಲ್ಲಿ ಅದೇ ಎಣ್ಣೆಯಿಂದ ಆ ಗುಣ ಕಾಣಲಿಲ್ಲ. ಅಂಗಡಿಯ ಬಹುತೇಕ ಲೋಷನ್ನುಗಳು ನೀರಿನೊಳಗೆ ಎಣ್ಣೆಯ ಹನಿಗಳಿರುವ ಜಾತಿ. ಅಂಗೈ ಮೇಲೆ ಲೋಷನ್ನಿಗೆ ಎರಡು ಹನಿ ಬೆರೆಸಿ ಹಚ್ಚುವುದಕ್ಕೆ ಅಡ್ಡಿಯಿಲ್ಲ, ಅದರಿಂದ ಹೆಚ್ಚು ನಿರೀಕ್ಷಿಸಬಾರದು. ಕೊಂಡ ಡಬ್ಬಿಯೊಳಕ್ಕೇ ಎಣ್ಣೆ ಸುರಿದು ಕಲಸುವುದಂತೂ ಬೇಡ, ಕ್ರೀಮು ಒಡೆಯುತ್ತದೆ, ಕೆಡದಂತೆ ಹಾಕಿದ ರಾಸಾಯನಿಕವೂ ತೆಳುವಾಗುತ್ತದೆ.

50 ಗ್ರಾಮಿನ ಲೆಕ್ಕ ಇದು. ಎಣ್ಣೆಯ ಪಾತ್ರೆಗೆ ಪ್ರಿಮ್‌ರೋಸ್ 10 ಗ್ರಾಂ, ಕ್ಯಾಪ್ರಿಲಿಕ್ ಕ್ಯಾಪ್ರಿಕ್ ಟ್ರೈಗ್ಲಿಸರೈಡ್ ಎಂಬ ಹಗುರ ಎಣ್ಣೆ 6 ಗ್ರಾಂ, ಜೇನುಮೇಣ 1.5 ಗ್ರಾಂ, ಬೆಸೆಯುವ ಪದಾರ್ಥವಾಗಿ ಪಾಲಿಗ್ಲಿಸರಿಲ್-3 ಪಾಲಿರಿಸಿನೋಲಿಯೇಟ್ 2.5 ಗ್ರಾಂ. ಒಟ್ಟು 20. ನೀರಿನ ಪಾತ್ರೆಗೆ ಡಿಸ್ಟಿಲ್ಡ್ ವಾಟರ್ 26.65 ಗ್ರಾಂ, ಗ್ಲಿಸರಿನ್ 2.5, ಮೆಗ್ನೀಷಿಯಂ ಸಲ್ಫೇಟ್ 0.35, ಫಿನಾಕ್ಸಿಎಥನಾಲ್ ಇರುವ ಪ್ರಿಸರ್ವೇಟಿವ್ 0.5. ಒಟ್ಟು 30. ಆ ಚಿಟಿಕೆ ಉಪ್ಪನ್ನು, ಅಂದರೆ ಮೆಗ್ನೀಷಿಯಂ ಸಲ್ಫೇಟನ್ನು, ಬಿಡಬೇಡಿ. ನೀರಿನ ಸಣ್ಣ ಹನಿಗಳು ಒಂದಕ್ಕೊಂದು ಕೂಡಿ ದೊಡ್ಡದಾಗದಂತೆ ಹಿಡಿದಿಡುವುದು ಅದೇ. ಪ್ರಿಸರ್ವೇಟಿವ್ ಬಿಟ್ಟರೆ ವಾರದೊಳಗೆ ಬೂಷ್ಟು. ವಿಟಮಿನ್ ಇ ಎಣ್ಣೆಯನ್ನು ಕಾಯುತ್ತದೆಯೇ ಹೊರತು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಈ ಎರಡನ್ನು ಒಂದೇ ಎಂದುಕೊಂಡವರು ತುಂಬಾ ಜನ.

ಮೇಣ, ಟ್ರೈಗ್ಲಿಸರೈಡ್, ಬೆಸೆಯುವ ಪದಾರ್ಥ ಮೂರನ್ನೂ ಬಿಸಿನೀರಿನ ಪಾತ್ರೆಯಲ್ಲಿಟ್ಟು 75 ಡಿಗ್ರಿಗೆ ಕರಗಿಸಿ. ನೀರಿನ ಭಾಗವನ್ನೂ ಅಷ್ಟಕ್ಕೇ ಬಿಸಿ ಮಾಡಿ. ಪ್ರಿಮ್‌ರೋಸ್ ಎಣ್ಣೆಯನ್ನು ಕೊನೆಯಲ್ಲಿ, ಬೆರೆಸುವ ಒಂದು ನಿಮಿಷ ಮುಂಚೆ ಹಾಕಿ, ಅದು ಹೆಚ್ಚು ಹೊತ್ತು ಕಾಯಬಾರದು. ಎಣ್ಣೆಗೆ ನೀರು, ನೀರಿಗೆ ಎಣ್ಣೆಯಲ್ಲ. ಮೊದಲ ಮೂರನೇ ಒಂದು ಭಾಗ ನೀರನ್ನು ಹನಿಹನಿಯಾಗಿ, ಪ್ರತಿ ಹನಿಯೂ ಮಾಯವಾದ ಮೇಲೆ ಮುಂದಿನದು. ಆಮೇಲೆ ಸಣ್ಣ ಧಾರೆ. ಪೂರಾ ಹಾಕಲು ಹತ್ತು ನಿಮಿಷ ಬೇಕು, ಕೈ ಸೋಲುತ್ತದೆ. 35 ಡಿಗ್ರಿಗೆ ಇಳಿಯುವವರೆಗೂ ಕಲಕುತ್ತಿರಬೇಕು. ಕಾಫಿ ನೊರೆ ಎಬ್ಬಿಸುವ ಬ್ಯಾಟರಿ ಕಡ್ಡಿ ಇಲ್ಲಿ ಶತ್ರು. ಅದು ಗಾಳಿಯನ್ನು ಹೊಡೆದು ಒಳಗೆ ಸೇರಿಸುತ್ತದೆ.

ಮೊದಲ ಪ್ರಯತ್ನ ಮೂರನೇ ದಿನ ಒಡೆಯಿತು. ಡಬ್ಬಿಯ ಅಂಚಿನಲ್ಲಿ ಇಬ್ಬನಿಯ ಹಾಗೆ ನೀರಿನ ಮಣಿಗಳು, ನಡುವೆ ಮೇಣದ ಸಣ್ಣ ಕಾಳು. ತಪ್ಪುಗಳು ಎರಡು: ನೀರು 50 ಡಿಗ್ರಿಗೆ ಇಳಿದಿತ್ತು, ಅದಕ್ಕೆ ಮೇಣ ಕಾಳುಗಟ್ಟಿತು, ಐದು ನಿಮಿಷದಲ್ಲಿ ಸುರಿದು ಮುಗಿಸಿದ್ದೆ, ಅದಕ್ಕೆ ಹನಿಗಳು ಸಣ್ಣದಾಗಲಿಲ್ಲ. 10 ಗ್ರಾಂ ಎಣ್ಣೆ ಹೋಯಿತು. ಒಡೆದದ್ದನ್ನು ಮತ್ತೆ ಬಿಸಿ ಮಾಡಿ ಸರಿಪಡಿಸುವ ಆಸೆ ಬೇಡ, ಎಣ್ಣೆಗೆ ಎರಡನೇ ಸಲ ಶಾಖ ಕೊಟ್ಟ ಹಾಗಾಗುತ್ತದೆ. ಎರಡನೇ ಸಲ ಥರ್ಮಾಮೀಟರನ್ನು ಎರಡೂ ಪಾತ್ರೆಗೆ ಸರದಿಯಲ್ಲಿ ಅದ್ದುತ್ತಾ ಮಾಡಿದ್ದು ನಿಂತಿತು. ಸರಿಯಾದ ಜಾತಿಯ ಕ್ರೀಮು ಆಗಿದೆಯೇ ಎಂದು ನೋಡಲು ಒಂದು ಚಿಟಿಕೆಯನ್ನು ಲೋಟದ ನೀರಿಗೆ ಹಾಕಿ. ಹಾಲಿನಂತೆ ಕದಡಿದರೆ ಉಲ್ಟಾ ಆಗಿದೆ. ಬೆಣ್ಣೆಯುಂಡೆಯ ಹಾಗೆ ಮುದ್ದೆಯಾಗಿ ತೇಲಿದರೆ ಗೆದ್ದಿರಿ.

ಅದೇ ಲೆಕ್ಕದಲ್ಲಿ, ಅದೇ ದಿನ ಇನ್ನೊಂದು 50 ಗ್ರಾಂ ಮಾಡಿದೆ. ಪ್ರಿಮ್‌ರೋಸ್ ಜಾಗದಲ್ಲಿ ಕುಸುಬೆ ಎಣ್ಣೆ. ವಿಜಯಪುರ, ಕಲಬುರಗಿ ಕಡೆಯ ಹಿಂಗಾರಿ ಹೊಲದ ಮುಳ್ಳಿನ ಕುಸುಬೆಯೇ. ಅದರಲ್ಲಿ ಲಿನೋಲಿಯಿಕ್ ಆಮ್ಲ ಶೇ. 75ರ ಸುತ್ತ, ಪ್ರಿಮ್‌ರೋಸ್‌ಗೆ ಸರಿಸಮ, ಜಿ.ಎಲ್.ಎ. ಮಾತ್ರ ಇಲ್ಲ. ಹಾಗಾಗಿ ಎರಡರ ನಡುವೆ ವ್ಯತ್ಯಾಸ ಕಂಡರೆ ಅದು ಜಿ.ಎಲ್.ಎ.ದು. ಕೊಳ್ಳುವಾಗ 'ಹೈ ಓಲಿಯಿಕ್' ಎಂದು ಬರೆದದ್ದು ಬೇಡ, ಆ ತಳಿಯಲ್ಲಿ ಲಿನೋಲಿಯಿಕ್ ತೀರಾ ಕಡಿಮೆ.

ಏಳನೇ ವಾರದಿಂದ ಹನ್ನೆರಡರವರೆಗೆ ಬಲಗಾಲಿಗೆ ಪ್ರಿಮ್‌ರೋಸ್, ಎಡಗಾಲಿಗೆ ಕುಸುಬೆ, ರಾತ್ರಿ ಒಂದೊಂದು ಗ್ರಾಂ. ಎರಡು ಕಾಲು ಬೇಕಾದದ್ದು ಏಕೆಂದರೆ, ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತದೆ. ಜನವರಿಯಲ್ಲಿ ಶುರು ಮಾಡಿದ ಯಾವ ಎಣ್ಣೆಯೂ ಮಾರ್ಚಿನಲ್ಲಿ ಗೆದ್ದಂತೆ ಕಾಣುತ್ತದೆ, ಗೆದ್ದದ್ದು ಹವಾಮಾನ. ವಾರಕ್ಕೊಮ್ಮೆ ಕಪ್ಪು ಬಟ್ಟೆಯ ಮೇಲೆ ಪಾರದರ್ಶಕ ಟೇಪು: ಕಾಲಿಗೆ ಒತ್ತಿ ಕಿತ್ತು ಬಟ್ಟೆಗೆ ಅಂಟಿಸಿದರೆ ಎದ್ದ ಹೊಟ್ಟು ಬಿಳಿ ಚುಕ್ಕಿಗಳಾಗಿ ಕಾಣುತ್ತದೆ. ಕ್ರೀಮಿನ ಮೊದಲ ಎರಡು ವಾರ ಎರಡೂ ಟೇಪು ಒಂದೇ ತರ. ನಾಲ್ಕನೇ ವಾರದ ಹೊತ್ತಿಗೆ ಎರಡೂ ಬಹುತೇಕ ಸ್ವಚ್ಛ. ಹಿಂದಿನ ತಿಂಗಳು ಬರೀ ಎಣ್ಣೆಯಿಂದ ಆಗದ್ದು ಕ್ರೀಮಿನಿಂದ ಆಯಿತು. ಬಲಕ್ಕೂ ಎಡಕ್ಕೂ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಮಾತ್ರ ಇರಲಿಲ್ಲ. ಇದು ಎರಡು ಕಾಲಿನ ಸಾಕ್ಷಿ ಅಷ್ಟೇ, ಎಕ್ಸಿಮಾ ಇರುವ ಚರ್ಮದ ಕಥೆ ಬೇರೆ ಇರಬಹುದು. ಆದರೆ ಮಾಮೂಲಿ ಒಣ ಚರ್ಮಕ್ಕೆ ಪ್ರಿಮ್‌ರೋಸ್ ಕೊಳ್ಳುವ ಮುಂಚೆ ಕುಸುಬೆಯಿಂದ ಇದೇ ಕ್ರೀಮು ಮಾಡಿ ನೋಡಿ ಎಂದೇ ನನ್ನ ಮಾತು.

ಮುಖದಲ್ಲಿ ಬೇರೆಯೇ ತೊಂದರೆ ಎದ್ದಿತು. ಮಾರ್ಚ್ ಮೊದಲಲ್ಲಿ, ಸೆಕೆ ಶುರುವಾದ ಮೇಲೆ, ಹಣೆಯ ಮೇಲೆ ಎಲ್ಲ ಒಂದೇ ಅಳತೆಯ, ರವೆ ಕಾಳಿನಂಥ, ತುರಿಸುವ ಗುಳ್ಳೆಗಳು. ಮೊಡವೆಯಾದರೆ ಸಣ್ಣದು, ದೊಡ್ಡದು, ಕಪ್ಪು ತಲೆಯದು ಎಲ್ಲ ಬೆರೆತಿರುತ್ತದೆ, ಹೀಗೆ ಅಚ್ಚು ಹಾಕಿದಂತೆ ಇರುವುದಿಲ್ಲ. ಇದು ಮಲಸೇಜಿಯಾ ಎಂಬ ಶಿಲೀಂಧ್ರದ ಲಕ್ಷಣ. ನಮ್ಮೆಲ್ಲರ ಚರ್ಮದ ಮೇಲೂ ಇರುವ ಇದು ಬದುಕುವುದೇ ಕೊಬ್ಬಿನಾಮ್ಲಗಳ ಮೇಲೆ. ಬೆವರು, ಎಣ್ಣೆ ಎರಡೂ ಸಿಕ್ಕರೆ ಅದಕ್ಕೆ ಹಬ್ಬ. ಹಣೆಗೆ ಎಣ್ಣೆ ನಿಲ್ಲಿಸಿ, ಕೀಟೊಕೊನಾಜೋಲ್ ಶಾಂಪೂವಿನ ನೊರೆಯನ್ನು ಮೂರು ನಿಮಿಷ ಬಿಟ್ಟು ತೊಳೆಯುವುದನ್ನು ವಾರಕ್ಕೆ ಮೂರು ಸಲ ಮಾಡಿದಾಗ ಎರಡು ವಾರದಲ್ಲಿ ಇಳಿಯಿತು. ಕರಾವಳಿಯವರು, ತಲೆಹೊಟ್ಟು ಇರುವವರು, ಬೆನ್ನಿನ ಮೇಲೆ ಚಿಬ್ಬು ಏಳುವವರು ಈ ಎಣ್ಣೆಯನ್ನು ಹಣೆ, ಎದೆ, ಬೆನ್ನಿಗೆ ಹಚ್ಚದಿರುವುದೇ ಕ್ಷೇಮ. ಮೊಡವೆ ಚರ್ಮಕ್ಕೆ ಲಿನೋಲಿಯಿಕ್ ಒಳ್ಳೆಯದು ಎಂಬ ಮಾತಿಗೆ ಸ್ವಲ್ಪ ಆಧಾರವಿದೆ: 1998ರ ಒಂದು ಸಣ್ಣ ಪ್ರಯೋಗದಲ್ಲಿ ತಿಂಗಳ ಕಾಲ ಶುದ್ಧ ಲಿನೋಲಿಯಿಕ್ ಆಮ್ಲ ಹಚ್ಚಿದಾಗ ಕಣ್ಣಿಗೆ ಕಾಣದ ಸೂಕ್ಷ್ಮ ಮೊಡವೆಗಳ ಗಾತ್ರ ಸುಮಾರು ಕಾಲು ಭಾಗ ಇಳಿದಿತ್ತು. ಅದು ಬಿಡಿ ಆಮ್ಲ, ಇದು ಆಮ್ಲಗಳನ್ನು ಮೂರು ಮೂರಾಗಿ ಗ್ಲಿಸರಿನ್ನಿಗೆ ಕಟ್ಟಿದ, ಟ್ರೈಗ್ಲಿಸರೈಡ್ ರೂಪದ ಎಣ್ಣೆ. ಒಂದರ ಫಲವನ್ನು ಇನ್ನೊಂದರ ಖಾತೆಗೆ ಬರೆಯಲಾಗದು. ಕಪ್ಪು ಕಲೆ, ಸುಕ್ಕು? ಹದಿನಾಲ್ಕು ವಾರದಲ್ಲಿ ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಕ್ಯಾಪ್ಸೂಲ್ ನುಂಗುವ ವಿಚಾರವನ್ನು ಜನ ಇದರ ಜೊತೆಗೇ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಎಕ್ಸಿಮಾಗೆಂದು ವೈದ್ಯರು ಬರೆದುಕೊಡುತ್ತಿದ್ದ ಪ್ರಿಮ್‌ರೋಸ್ ಕ್ಯಾಪ್ಸೂಲಿನ ಪರವಾನಗಿಯನ್ನು, ಗುಣದ ಪುರಾವೆ ಸಾಲದೆಂದು 2002ರಲ್ಲಿ ಹಿಂದಕ್ಕೆ ಪಡೆದರು. ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ಪರಿಶೀಲನೆ 27 ಅಧ್ಯಯನಗಳನ್ನು ಒಟ್ಟು ನೋಡಿ, ನುಂಗುವ ಪ್ರಿಮ್‌ರೋಸ್, ಬೋರೇಜ್ ಎಣ್ಣೆಗಳಿಂದ ಎಕ್ಸಿಮಾಗೆ ಔಷಧವೇ ಇಲ್ಲದ ಸುಳ್ಳು ಗುಳಿಗೆಗಿಂತ ಹೆಚ್ಚಿನ ಲಾಭವಿಲ್ಲ ಎಂದಿತು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ನುಂಗಲೇಬಾರದು. ಹಚ್ಚುವುದಕ್ಕೆ ಮಾತ್ರ ಕ್ಯಾಪ್ಸೂಲು ಒಂದು ಅನುಕೂಲ: ಪ್ರತಿಯೊಂದೂ ಗಾಳಿ ಸೇರದ ಪುಟ್ಟ ಬಾಟಲಿ ಇದ್ದ ಹಾಗೆ. 1000 ಮಿ.ಗ್ರಾಂನದನ್ನು ಚುಚ್ಚಿದರೆ ಒಂದು ಗ್ರಾಂ, ಎರಡು ಕಾಲಿಗೆ ಸರಿ. ಮುಖಕ್ಕಾದರೆ 500ರದ್ದೂ ಹೆಚ್ಚು. ಹೊರಕವಚ ಸಾಮಾನ್ಯವಾಗಿ ಜೆಲಟಿನ್, ಸಸ್ಯಾಹಾರಿಗಳು ಡಬ್ಬಿ ತಿರುಗಿಸಿ ನೋಡಿ.

ಖರ್ಚು: ಎಣ್ಣೆ 890, ತಕ್ಕಡಿ 480, ಬಾಟಲಿಗಳು 180, ಟೋಕೋಫೆರಾಲ್ 350, ಬೆಸೆಯುವ ಪದಾರ್ಥ 420, ಪ್ರಿಸರ್ವೇಟಿವ್ 260, ಜೇನುಮೇಣ 150, ಟ್ರೈಗ್ಲಿಸರೈಡ್ 380, ಗ್ಲಿಸರಿನ್ ಮತ್ತು ಉಪ್ಪು 120. ಒಟ್ಟು 3,230 ರೂಪಾಯಿ. ಇದಕ್ಕೆ ಅರ್ಧ ಲೀಟರ್ ಕುಸುಬೆ ಎಣ್ಣೆಯ 230 ಸೇರಿಸಿ. ತಕ್ಕಡಿ, ಮೇಣ, ಬೆಸೆಯುವ ಪದಾರ್ಥ ಇನ್ನೂ ಎಷ್ಟೋ ಬ್ಯಾಚಿಗೆ ಬರುತ್ತವೆ. ಚೆನ್ನಾಗಿ ಬಂತೆಂದು ಡಬ್ಬಿಗೆ ತುಂಬಿ ಮಾರಲು ಹೊರಡಬೇಡಿ, ಮಾರಾಟಕ್ಕೆ ಮಾಡುವುದಾದರೆ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕೆಯ ಪರವಾನಗಿ ಬೇಕು.

ಹದಿಮೂರನೇ ವಾರ ಹೊರಗೆ 36 ಡಿಗ್ರಿ. ಬಳಕೆಯ ಬಾಟಲಿಯ ಕುತ್ತಿಗೆಯಲ್ಲಿ ಸಣ್ಣಗೆ ಅಂಟು ಕಂಡಿತು, ತಟ್ಟೆಯ ಮೇಲಿನ ಹನಿಯಲ್ಲಿ ಬಾಗಿಲ ಬಣ್ಣದ ವಾಸನೆ ಎಲ್ಲೋ ದೂರದಲ್ಲಿ. ಫ್ರಿಜ್ಜಿನೊಳಗಿದ್ದ ಕೊನೆಯದು ಇನ್ನೂ ಹಸಿ ಬೀಜದ ಹಾಗೇ ಇತ್ತು. ಅದನ್ನು ಒಂದು ವಾರ ಕಾಲಿಗೆ ಹಚ್ಚಿ ಮುಗಿಸಿದೆ. ಅಂಟು ಬಂದದ್ದನ್ನು ಚರ್ಮಕ್ಕೂ ಹಚ್ಚಬಾರದು, ಸಿಂಕಿಗೂ ಸುರಿಯಬಾರದು. ಗಾಳಿಗೆ ಗಟ್ಟಿಯಾಗುವ ಅದರ ಚಾಳಿಯೇ ಮರಕ್ಕೆ ಒಳ್ಳೆಯದು. ಈಳಿಗೆ ಮಣೆಗೆ ತೆಳುವಾಗಿ ಉಜ್ಜಿ ನಾಲ್ಕೈದು ದಿನ ಬಿಟ್ಟರೆ ಹಿಡಿದುಕೊಳ್ಳುತ್ತದೆ. ಉಜ್ಜಿದ ಚಿಂದಿಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಇಂಥ ಎಣ್ಣೆ ಕುಡಿದ ಬಟ್ಟೆ ಮಡಿಕೆಯೊಳಗೆ ತಾನಾಗಿಯೇ ಬಿಸಿಯೇರುತ್ತದೆ, ಬೆಂಕಿಯೂ ಹತ್ತಬಹುದು. ನೀರಲ್ಲಿ ನೆನೆಸಿ, ತಂತಿಯ ಮೇಲೆ ಬಿಡಿಸಿ ಹರವಿ, ಪೂರಾ ಒಣಗಿ ಬಿರುಸಾದ ಮೇಲೆ ಎಸೆಯಿರಿ.